ನಿನ್ನ ಹೆಸರಿನಲ್ಲಿದ್ದ ನನ್ನ ತಪ್ಪು

ಪ್ರೀತಿಯ ಗಡಿಬಿಡಿ,

ನಿನಗೆ ಚೆನ್ನಾಗಿ ಬೈಯೋಣ ಅಂತಲೇ ಬರೆಯಲು ಕೂತೆ. ಈಗ ಅದಕ್ಕೂ ತ್ರಾಣವಿಲ್ಲ.

ಆಫೀಸಿನಲ್ಲಿ ನಮ್ಮಿಬ್ಬರದೂ ಅಕ್ಕಪಕ್ಕದ ಕುರ್ಚಿ. ನೀನು ನನ್ನನ್ನು ಅಕ್ಕ ಅನ್ನುತ್ತಿದ್ದೆ, ನಿನ್ನ ಅವಸರ ನೋಡಿ ನಾನು ಗಡಿಬಿಡಿ ಅನ್ನುತ್ತಿದ್ದೆ. ಯಾವ ರೋಗಿಗೆ ಯಾವ ಹೊತ್ತಿಗೆ ಯಾವ ಔಷಧಿ ಅಂತ ನರ್ಸುಗಳಿಗೆ ನೆನಪಿಸುವ ಪ್ರೋಗ್ರಾಂ ಬರೆಯುತ್ತಾ ಏಳು ವರ್ಷ ಸವೆಸಿದೆ. ನೀನು ಕೆಲಸ ಬಿಟ್ಟುಹೋದ ಮರುವರ್ಷ ನನ್ನನ್ನು ತೆಗೆದು ಮನೆಗೆ ಕಳಿಸಿದರು. ಬರೆದದ್ದೆಲ್ಲ ಕಂಪನಿಯ ಸ್ವತ್ತು, ಒಂದು ಸಾಲನ್ನೂ ಹೊರಗೆ ತೋರಿಸುವುದಿಲ್ಲ ಅಂತ ಸಹಿ ಹಾಕಿಸಿಕೊಂಡೇ ಕಳಿಸಿದರು. ಆಮೇಲೆ ಎಂಟು ತಿಂಗಳು, ಐದು ಇಂಟರ್‌ವ್ಯೂ. ಎಲ್ಲ ಕಡೆಯೂ ಅದೇ ರಾಗ: "ನೀವು ಮಾಡಿದ್ದು ಏನಾದ್ರೂ ತೋರಿಸಿ." ತೋರಿಸೋಕಾಗಲ್ಲ ಸಾರ್ ಅಂದರೆ ಮೂಗು ಮುರಿಯುತ್ತಿದ್ದರು. "ಏಳು ವರ್ಷ ಅಲ್ಲಿ ನೊಣ ಹೊಡೀತಿದ್ಯೇನೆ?" ಅಂತ ಅಮ್ಮ ತಮಾಷೆ ಮಾಡಿದಾಗ ನನಗೆ ನಗು ಬರಲಿಲ್ಲ.

ಮಂಗಳವಾರದ್ದು ಆರನೆಯ ಇಂಟರ್‌ವ್ಯೂ. ಸಣ್ಣ ಕಂಪನಿ, ಕಿಟಕಿಯಿಲ್ಲದ ಕೋಣೆ. ಮ್ಯಾನೇಜರ್ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ, "ನೋಡಿ ಮೇಡಂ, ನಿನ್ನೆ ಇಂಟರ್‌ವ್ಯೂಗೆ ಬಂದೋರು ತಮ್ಮ ಪ್ರೋಗ್ರಾಂನ ಇಂಟರ್ನೆಟ್ಟಲ್ಲೇ ಹಾಕಿದ್ದಾರೆ. ಇಂಥದ್ದು ನಿಮ್ಮ ಹತ್ರ ಏನಿದೆ?" ಅಂದರು.

ಮೇಲೆ ನಿನ್ನ ಹೆಸರು, ಕೆಳಗೆ ನಾನು ಬರೆದ ಸಾಲುಗಳು. ಪರೀಕ್ಷೆಗೆಂದು ಕಲ್ಪಿಸಿದ ರೋಗಿಗೆ ನಮ್ಮ ದೊಡ್ಡಮ್ಮನ ವಯಸ್ಸು, ತೂಕ ಕೊಟ್ಟಿದ್ದೆನಲ್ಲ, ಎಪ್ಪತ್ತೊಂದು ವರ್ಷ, ನಲವತ್ತಮೂರು ಕೆಜಿ, ಅದನ್ನೂ ಬದಲಿಸಿರಲಿಲ್ಲ ಪುಣ್ಯಾತ್ಮ! ಇದು ನನ್ನದು ಅನ್ನಲು ಬಾಯಿ ತೆರೆದೆ. ಅಂದಿದ್ದರೆ ನೀನು ಕಳ್ಳನಾಗುತ್ತಿದ್ದೆ. ಎರಡು ಮಕ್ಕಳ ತಂದೆ ನೀನು. ಸುಮ್ಮನಾದೆ.

"ಹೋಗ್ಲಿ, ಇದರಲ್ಲಿ ತಪ್ಪೇನಾದ್ರೂ ಕಾಣುತ್ತಾ?" ಅಂತ ಕೇಳಿದರು. ಇತ್ತು. ರೋಗಿಯನ್ನು ಬೇರೆ ವಾರ್ಡಿಗೆ ಸಾಗಿಸಿದರೆ ಅದೇ ಔಷಧಿಯನ್ನು ಇನ್ನೊಂದು ಸಲ ಕೊಡಿ ಅನ್ನುತ್ತದೆ. ನೀನು ಹೋದ ಮೇಲೆ ಕಣ್ಣಿಗೆ ಬಿದ್ದು, ಅವತ್ತೇ ಸರಿಪಡಿಸಿದ್ದೆ. ನೀನು ಹೋಗುವಾಗ ಒಯ್ದ ನಕಲಿನಲ್ಲಿ ಹಾಗೇ ಉಳಿದಿತ್ತು. ತೋರಿಸಿದೆ.

"ಎರಡು ನಿಮಿಷ ಆಗಿಲ್ಲ, ಹೇಗೆ ಹಿಡಿದ್ರಿ?" ಅಂದರು.

"ಈ ತಪ್ಪು ನಾನೂ ಮಾಡಿದ್ದೆ ಸಾರ್" ಅಂದೆ.

ಇವತ್ತು ಬೆಳಿಗ್ಗೆ ಫೋನ್ ಬಂತು. ಕೆಲಸ ನನಗೇ. ನಿನ್ನನ್ನು ತೆಗೆದುಕೊಳ್ಳುವುದೆಂದು ಹೆಚ್ಚುಕಡಿಮೆ ತೀರ್ಮಾನವಾಗಿತ್ತಂತೆ. "ರೋಗಿ ಜೀವದ ವಿಷಯದಲ್ಲಿ ಇಷ್ಟು ಅಸಡ್ಡೆ ಇರೋರು ಬೇಡ ಅಂತ ಬಿಟ್ವಿ" ಅಂದರು. ಪಕ್ಕದಲ್ಲಿ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಆ ಅಸಡ್ಡೆ ನನ್ನದು ಅಂತ ಹೇಳಬೇಕಿತ್ತು ಕಣೋ. ಥ್ಯಾಂಕ್ಸ್ ಸಾರ್ ಅಂದೆ. ಮಂಗಳವಾರ ಸುಮ್ಮನಿದ್ದದ್ದು ನಿನಗಾಗಿ ಅಂದುಕೊಂಡಿದ್ದೆ. ಇವತ್ತಿನದು ನನಗಾಗಿ.

ಇಂಟರ್ನೆಟ್ಟಿನಲ್ಲಿ ಹಾಕಿರುವುದನ್ನು ಇವತ್ತೇ ತೆಗೆದುಹಾಕು. ನಿನಗೂ ಬೇಗ ಒಂದು ನೆಲೆ ಸಿಗಲಿ, ಮಕ್ಕಳು ಚೆನ್ನಾಗಿರಲಿ.

ನಿನಗೆ ಮುಖ ತೋರಿಸಲಾರದ,
ಅಕ್ಕ