ಎಡಗಣ್ಣಿನ ಹಿಂದಿನ ಗುರುತು

ಜೂನ್ 3, ಮಂಗಳವಾರ

ಬೆಳಿಗ್ಗೆಯಿಂದ ಮೂರು ಸಲ ಕೂದಲು ಅಂಟಿಸಿ ಮೂರು ಸಲ ಕಿತ್ತೆ. ಗಾಳಿಯಲ್ಲಿ ತೇವ, ಅಂಟು ಹಿಡಿಯುತ್ತಿಲ್ಲ. ಗೊಂಬೆ ಬಕ್ಕತಲೆಯಲ್ಲೇ ಕಿಟಕಿ ಪಕ್ಕ ಕೂತಿದೆ, ರಿಟೈರಾದ ಗುಮಾಸ್ತನ ಹಾಗೆ.

ಅಕ್ಕ ಮುಂದಿನ ಗೊಂಬೆಗೆ ಕಣ್ಣು ಕೂರಿಸುತ್ತಿದ್ದಾಳೆ. ತಲೆಯನ್ನು ಎದುರಿಗೆ ಹಿಡಿಯುವುದಿಲ್ಲ ಈಗ. ಪಕ್ಕಕ್ಕೆ ಹಿಡಿದು ಓರೆಗಣ್ಣಲ್ಲಿ ನೋಡುತ್ತಾಳೆ. ನಡುವೆ ಮಸಿ ಮೆತ್ತಿದ ಹಾಗಿದೆಯಂತೆ, ಅಂಚಿನಲ್ಲಿ ಮಾತ್ರ ಬೆಳಕು. ಈ ವರ್ಷ ಕಳೆಯುವುದರೊಳಗೆ ಓದುವುದೂ ಸಣ್ಣ ಕೆಲಸವೂ ನಿಲ್ಲುತ್ತದೆ ಅಂದಿದ್ದಾರೆ ಕಣ್ಣಿನ ಡಾಕ್ಟರು. ಅಂದದ್ದು ನನಗೆ. ಅಕ್ಕ ಆಗ ಅವರ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಕಣ್ಣನ್ನು ಬಿಚ್ಚಿ ನೋಡುತ್ತಿದ್ದಳು.

ಪೋಸ್ಟಾಫೀಸಿನಲ್ಲಿ ಹೊಸಬಳು ಕೇಳಿದಳು — "ನೀವಿಬ್ರೂ ಅಕ್ಕತಂಗೀರಾ?" ಅಲ್ಲ ತಾಯಿ, ಓರಗಿತ್ತಿಯರು. ಅಣ್ಣತಮ್ಮಂದಿರನ್ನು ಕಟ್ಟಿಕೊಂಡೆವು. ಅವರಿಬ್ಬರೂ ಹೋದರು, ನಾವು ಉಳಿದೆವು. ಅವಳು ಕಣ್ಣು, ಮುಖ. ನಾನು ಕೂದಲು, ಬಟ್ಟೆ.

ಪಾರ್ಸೆಲ್ ಮೇಲೆ 'ಒಡೆಯುವ ವಸ್ತು' ಎಂದು ಬರೆದಿದ್ದೆ. ಅದರ ಮೇಲೇ ಸೀಲು ಕುಕ್ಕಿದಳು.

ಜೂನ್ 8

ಮ್ಯೂಸಿಯಮ್ಮಿಗೆ ಹೋಗಿ ಬಂದೆವು. ಕೈಯಲ್ಲಿ ಮಾಡಿದ ಗೊಂಬೆಗಳ ಪ್ರದರ್ಶನ. ಕಾಲು ಸೋತಿದೆ, ಆದರೂ ಬರೆದೇ ಮಲಗಬೇಕು.

ಮೂರನೇ ಗಾಜಿನ ಪೆಟ್ಟಿಗೆಯಲ್ಲಿ ಬೂದು ಫ್ರಾಕಿನ ಹುಡುಗಿ. ನಲವತ್ತೆರಡು ವರ್ಷದ ಹಿಂದೆ ನಾವಿಬ್ಬರೂ ಕೆಲಸಕ್ಕಿದ್ದ ಕಾರ್ಖಾನೆಯ ಗೊಂಬೆ. ನೋಡಿದ ತಕ್ಷಣ ಗೊತ್ತಾಯಿತು, ಅಕ್ಕನ ಕೈ. ಎಡಗಣ್ಣು ಒಂದು ಕೂದಲೆಳೆಯಷ್ಟು ಹೊರಕ್ಕೆ. ಎಲ್ಲಿ ನಿಂತರೂ ಗೊಂಬೆ ನಿಮ್ಮನ್ನು ನೋಡುವುದಿಲ್ಲ, ನಿಮ್ಮ ಹಿಂದೆ ಬರುತ್ತಿರುವ ಯಾರನ್ನೋ ನೋಡುತ್ತದೆ. ಆ ನೋಟ ಇನ್ಯಾರಿಗೂ ಬರಲಿಲ್ಲ.

ಕೆಳಗೆ ಚೀಟಿ. ಮಾಡಿದವರು: ಕಾರ್ಖಾನೆಯ ಯಜಮಾನರ ಹೆಸರು. ದಪ್ಪ ಅಕ್ಷರದಲ್ಲಿ.

ಯಜಮಾನರು! ಬಿಳಿ ಪ್ಯಾಂಟಿಗೆ ಮಣ್ಣು ತಾಗೀತೆಂದು ಬಾಗಿಲಲ್ಲೇ ನಿಂತು ಮಾತಾಡುತ್ತಿದ್ದ ಮನುಷ್ಯ. ಚರಿತ್ರೆಯ ಪುಸ್ತಕಗಳನ್ನು ಅಡಿಟಿಪ್ಪಣಿಯನ್ನೂ ಬಿಡದೆ ಓದಿದವಳು ನಾನು. ಸುಳ್ಳುಗಳು ಹೀಗೇ ಹುಟ್ಟುವುದು — ಯಾರೋ ಒಬ್ಬ ಸೋಮಾರಿ ಚೀಟಿ ಬರೆಯುತ್ತಾನೆ, ಮುಂದಿನವನು ಅದನ್ನು ನಕಲು ಮಾಡುತ್ತಾನೆ, ಮೂರನೆಯವನು ಗ್ರಂಥ ಬರೆಯುತ್ತಾನೆ.

"ಇದು ನಿಂದೇ ಅಲ್ವಾ ಅಕ್ಕ?"

ಪಕ್ಕಕ್ಕೆ ತಿರುಗಿ ಓರೆಯಾಗಿ ನೋಡಿದಳು. ಬಹಳ ಹೊತ್ತು. "ಇರ್ಬೋದು. ಕಾಲು ನೋಯ್ತಿದೆ, ಕೂರೋಣ ಬಾ."

"ಇರ್ಬೋದು ಅಂದ್ರೇನು? ನಾನು ಬರೀತೀನಿ ಇವರಿಗೆ."

"ಶುರುವಾಯ್ತು ಅರ್ಜಿ ಅಮ್ಮಂದು," ಅಂದಳು.

ಜೂನ್ 9

ನಾಲ್ಕು ಪುಟ ಬರೆದೆ. ಪೋಸ್ಟ್ ಮಾಡುವ ಮೊದಲು ಮುಖ್ಯ ಅಂಶ ಇಲ್ಲೂ ಇರಲಿ.

ಕಣ್ಣು ಕೂರಿಸುತ್ತಿದ್ದವರು ನಾವು ಏಳು ಹೆಂಗಸರು. ಸುಟ್ಟ ಮಣ್ಣಿನ ತಲೆಗೆ ನೆತ್ತಿಯಲ್ಲಿ ಕಿಂಡಿ. ಆ ಕಿಂಡಿಯಿಂದ ಗಾಜಿನ ಕಣ್ಣನ್ನು ಒಳಗಿಂದ ಇಟ್ಟು ಹಿಂದೆ ಪ್ಲಾಸ್ಟರ್ ಮೆತ್ತಬೇಕು. ಪ್ಲಾಸ್ಟರ್ ಆರಿದ ಮೇಲೆ ಎಡಗಣ್ಣಿನ ಹಿಂದೆ ಪೆನ್ಸಿಲ್ಲಿನಿಂದ ನಮ್ಮ ನಮ್ಮ ಗುರುತು. ಅಕ್ಕನದು ಸೊನ್ನೆ. ನನ್ನದು ಕೊಕ್ಕೆ. ಉಳಿದ ಐವರದ್ದೂ ನೆನಪಿದೆ, ಚಿತ್ರ ಬರೆದು ಪಕ್ಕದಲ್ಲಿ ಹೆಸರು ಹಾಕಿ, ಕೆಳಗೆ ಸಹಿ ಮಾಡಿದ್ದೇನೆ. ಮೇಸ್ತ್ರಿ ಒಳಗೆ ಲೈಟು ಬಿಟ್ಟು ಗುರುತು ನೋಡಿ ಲೆಕ್ಕ ಹಾಕಿಕೊಂಡ ಮೇಲೇ ನೆತ್ತಿ ಮುಚ್ಚುವುದು, ಕೂದಲು ಅಂಟಿಸುವುದು. ತಿಂಗಳಿಗೆ ಹನ್ನೆರಡು ತಲೆ ಪಾಸಾಗದಿದ್ದರೆ ಮನೆಗೆ.

ನಾನು ಸೇರಿದ ಮೊದಲ ತಿಂಗಳು ಪಾಸಾದದ್ದು ನಾಲ್ಕು, ಹೊಸಬಳೆಂದು ಬಿಟ್ಟರು. ಎರಡನೇ ತಿಂಗಳು ಹನ್ನೆರಡಕ್ಕೆ ಹನ್ನೆರಡು! ಹಟ ಹಿಡಿದು ಕಲಿತೆ. ಆ ವರ್ಷ ಅಕ್ಕನ ಕೈಯೇ ಏಕೋ ಕೆಟ್ಟಿತ್ತು. ಮೇಸ್ತ್ರಿ ಎಲ್ಲರ ಎದುರು ಬೈದಿದ್ದ — "ಏನಮ್ಮಾ, ಕುರುಡು ಕೋಳಿ ಥರ ಕೂರಿಸಿದ್ದೀಯ!" ಪಾಪ, ತಲೆ ತಗ್ಗಿಸಿ ನಿಂತಿದ್ದಳು. ಇದನ್ನು ಪತ್ರದಲ್ಲಿ ಬರೆಯಲಿಲ್ಲ, ಅವಳಿಗೆ ಅವಮಾನ. ಸೇರಿ ಆರು ತಿಂಗಳಾದ ಮೇಲೆ ನನ್ನನ್ನು ಬಟ್ಟೆ ವಿಭಾಗಕ್ಕೆ ಹಾಕಿದರು. ಅಲ್ಲಿಂದ ಸೂಜಿಯೇ ಗತಿ.

ನನ್ನ ಬೇಡಿಕೆ ಒಂದೇ. ನೆತ್ತಿ ತೆಗೆದು ನೋಡಿ. ಸೊನ್ನೆ ಇದ್ದರೆ ಚೀಟಿ ಬದಲಿಸಿ. ಅದನ್ನು ಅಕ್ಕ ಓದುವಂತಿರುವಾಗಲೇ ಬದಲಿಸಿ.

ಜುಲೈ 2

ಉತ್ತರ ಬಂತು. 'ತಮ್ಮ ಪತ್ರ ತಲುಪಿದೆ. ಪರಿಶೀಲಿಸಲಾಗುವುದು.' ಹನ್ನೊಂದು ವರ್ಷದ ಹಿಂದೆ ಲೈಬ್ರರಿಯ ಓದುವ ಕೋಣೆ ಮುಚ್ಚಿದಾಗ ನಾನು ಬರೆದ ಅರ್ಜಿಗೂ ಇದೇ ವಾಕ್ಯ ಬಂದಿತ್ತು. ಈಗ ಅಲ್ಲಿ ಸ್ಕೂಟರ್ ನಿಲ್ಲಿಸುತ್ತಾರೆ. ಪರಿಶೀಲನೆ ಇನ್ನೂ ನಡೆಯುತ್ತಿರಬೇಕು.

ಅಕ್ಕ ಇವತ್ತು ಕಂದು ಕಣ್ಣು ಕೇಳಿ, ಕೊಟ್ಟಮೇಲೆ, ಇದು ನೀಲಿಯಲ್ಲವಾ ಅಂದಳು. ಕೊಟ್ಟದ್ದು ಕಂದೇ. ಹಿಂದಕ್ಕೆ ತೆಗೆದುಕೊಂಡು ಅದನ್ನೇ ಮತ್ತೆ ಕೊಟ್ಟೆ.

ಜುಲೈ 17

ಮ್ಯೂಸಿಯಮ್ಮಿಗೆ ಖುದ್ದಾಗಿ ಹೋದೆ. ಕ್ಯುರೇಟರ್ ಚಿಕ್ಕ ವಯಸ್ಸಿನ ಹುಡುಗಿ, ಮರ್ಯಾದಸ್ಥೆ. ಕುರ್ಚಿ ಕೊಟ್ಟಳು, ನೀರು ಕೊಟ್ಟಳು, ನ್ಯಾಯ ಕೊಡಲಿಲ್ಲ.

"ಕೂದಲು ಕಿತ್ರೆ ವಸ್ತುವಿಗೆ ಹಾನಿ ಆಗತ್ತೆ ಮೇಡಂ. ಕಮಿಟಿ ಒಪ್ಪಲ್ಲ."

"ಸತ್ಯಕ್ಕೆ ಹಾನಿಯಾದ್ರೆ ಒಪ್ಪತ್ತಾ ನಿಮ್ಮ ಕಮಿಟಿ?"

ಪಾಪ, ಕೆಂಪಾದಳು. ಬೈಯಬೇಕಾದವರು ಯಾವಾಗಲೂ ಬೇರೆ ಕೋಣೆಯಲ್ಲಿರುತ್ತಾರೆ.

ಮನೆಗೆ ಬಂದು ಹೇಳಿದರೆ ಅಕ್ಕನಿಗೆ ಸಮಾಧಾನವೇ ಆದಂತಿತ್ತು. "ಸರಿ ಬಿಡೇ. ಪಾಪದ ಗೊಂಬೆ, ಅದರ ತಲೆ ಬಿಚ್ಚಿ ನಿನಗೇನಾಗಬೇಕು?"

"ನನಗಲ್ಲ, ನಿನಗೆ!"

"ನಾನೇನಾದ್ರೂ ಕೇಳಿದ್ನಾ?"

ಜುಲೈ 29

ಹಲ್ಲಿನ ಡಾಕ್ಟರು ಬಂದಿದ್ದರು. ನಮ್ಮ ಗೊಂಬೆಗಳು ಹನ್ನೊಂದಿವೆ ಅವರ ಹತ್ತಿರ, ಕ್ಲಿನಿಕ್ಕಿನ ಗಾಜಿನ ಬೀರುವಿನಲ್ಲಿ. ಹಲ್ಲು ಕೀಳಿಸಿಕೊಳ್ಳಲು ಬಂದವರು ಮೊದಲು ಅವುಗಳನ್ನು ನೋಡಿ ಹೆದರುತ್ತಾರಂತೆ. ನನ್ನ ಸಂಕಟವನ್ನೆಲ್ಲ ಕೇಳಿ ಗಲ್ಲ ಕೆರೆದುಕೊಂಡರು.

"ಕುತ್ತಿಗೆ ಹತ್ರ ತೂತು ಇರತ್ತಲ್ವೇನಮ್ಮ? ತಲೆನ ಮೈಗೆ ಕಟ್ಟೋ ಎಲಾಸ್ಟಿಕ್ ಎಳೆಯೋಕೆ?"

"ಇರತ್ತೆ."

"ನನ್ನ ಬಾಯಿ ಕ್ಯಾಮೆರಾ ಪೆನ್ನಿನಷ್ಟು ದಪ್ಪ. ಬುದ್ಧಿ ಹಲ್ಲಿನ ಹಿಂದೇನೇ ನೋಡತ್ತೆ, ಕಣ್ಣಿನ ಹಿಂದೆ ನೋಡಲ್ವಾ?"

ನಲವತ್ತು ವರ್ಷ ಗೊಂಬೆ ಮಾಡಿದವಳಿಗೆ ಹೊಳೆಯಲಿಲ್ಲ. ಕಾಲಿಗೆ ಬೀಳಬೇಕೆನಿಸಿತು. ಅಕ್ಕ ಮಾತ್ರ ಎದ್ದು ಒಳಗೆ ಹೋದಳು. ಡಾಕ್ಟರಿಗೆ ಟೀ ತರಲು ಎಂದುಕೊಂಡೆ. ಟೀ ಬರಲಿಲ್ಲ.

ಆಗಸ್ಟ್ 12, ಬೆಳಿಗ್ಗೆ 9

ಇವತ್ತು ಹನ್ನೊಂದಕ್ಕೆ ಕ್ಯಾಮೆರಾ ಬಿಟ್ಟು ನೋಡುವುದು. ಕಮಿಟಿ ಒಪ್ಪಿದೆ. ಹಾನಿಯಿಲ್ಲ ಎಂದು ಡಾಕ್ಟರು ಬರೆದುಕೊಟ್ಟರು. ಅಕ್ಕ ಬರುವುದಿಲ್ಲವಂತೆ, ಮಂಡಿ ನೋವಂತೆ. ನಿನ್ನೆ ಸಂಜೆ ಮಹಡಿ ಹತ್ತಿ ಬಟ್ಟೆ ತಂದ ಮಂಡಿಯೇ! "ನಿನ್ನ ದಿನ ಇದು, ಬಾ," ಅಂದರೂ ಕೇಳಲಿಲ್ಲ. ಇರಲಿ. ಇಸ್ತ್ರಿ ಸೀರೆ ಉಟ್ಟಿದ್ದೇನೆ.

ಆಗಸ್ಟ್ 12, ಮಧ್ಯಾಹ್ನ

ಕೊಕ್ಕೆ.

ಆಗಸ್ಟ್ 21

ಒಂಬತ್ತು ದಿನ ಬರೆಯಲಿಲ್ಲ. ಕೈ ಬರಲಿಲ್ಲ.

ನಡೆದದ್ದು ಇಷ್ಟು. ಕ್ಯಾಮೆರಾ ಒಳಗೆ ಹೋಯಿತು. ಪರದೆಯ ಮೇಲೆ ಪ್ಲಾಸ್ಟರಿನ ಗುಡ್ಡ, ಧೂಳು, ಒಂದು ಸತ್ತ ನೊಣ. ಆಮೇಲೆ ಎಡಗಣ್ಣಿನ ಹಿಂಬದಿ. ಪೆನ್ಸಿಲ್ ಗೀಟು ನಿನ್ನೆ ಎಳೆದಂತೆ ಸ್ಪಷ್ಟ. ಸೊನ್ನೆಯಲ್ಲ, ನನ್ನ ಕೊಕ್ಕೆ. ಕ್ಯುರೇಟರ್ ನನ್ನ ಪತ್ರ ಬಿಚ್ಚಿ ಹೋಲಿಸಿ ನೋಡಿ ಚಪ್ಪಾಳೆ ತಟ್ಟಿದಳು — "ಮೇಡಂ, ಇದು ನಿಮ್ಮದೇ! ನಮ್ಮ ಹತ್ರ ನೀವು ಹೇಳಲೇ ಇಲ್ಲ!" ಡಾಕ್ಟರು ಕೈ ಕುಲುಕಿದರು. ನಾನು ಏನಂದೆನೋ.

ಆ ಗೊಂಬೆ ನನ್ನದಲ್ಲ. ಆ ನೋಟ ನನಗೆ ಬರುವುದೇ ಇಲ್ಲ.

ಮನೆಗೆ ಬಂದಾಗ ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕೇಳಲೂ ಇಲ್ಲ, ಹೇಳಲೂ ಇಲ್ಲ. ಅವಳು ಕೇಳದಿರುವುದರಿಂದಲೇ ಗೊತ್ತಾಯಿತು, ಅವಳಿಗೆ ಮೊದಲೇ ಗೊತ್ತಿತ್ತು.

ಇವತ್ತು ಕೇಳಿದೆ. ಬಟಾಣಿ ಸುಲಿಯುತ್ತ ಕೂತಿದ್ದಳು, ಅದಕ್ಕೆ ಕಣ್ಣು ಬೇಡ.

"ಎಷ್ಟು ತಲೆಗೆ ಹಾಕಿದೆ ನನ್ನ ಗುರುತು?"

"ಯಾರು ಎಣಿಸಿದ್ರು..."

"ಅಕ್ಕ."

"ಐದು ತಿಂಗಳು. ನಿನ್ನವಕ್ಕೆ ಕೊಕ್ಕೆ ಅಳಿಸಿ ಸೊನ್ನೆ ಹಾಕಿ ನಾನು ತಗೋತಿದ್ದೆ, ನನ್ನವಕ್ಕೆ ಕೊಕ್ಕೆ ಹಾಕಿ ನಿನ್ನ ಸಾಲಲ್ಲಿ ಇಡ್ತಿದ್ದೆ. ಇಪ್ಪತ್ತೈದು ಕೂರಿಸೋಳು ನಾನು, ನನಗೂ ಹನ್ನೆರಡು ಉಳೀತಿತ್ತು. ನಿನ್ನ ಕೊಕ್ಕೆ ಬರೆಯೋದು ಸುಲಭ."

"ಮೇಸ್ತ್ರಿ ನಿನ್ನನ್ನ ಬೈದದ್ದು ನನ್ನ ತಲೆಗಳಿಗಾ?"

"ಬೈಗುಳ ಏನು, ಮೈಗೆ ಅಂಟ್ಕೊಳತ್ತಾ?" ಸಿಪ್ಪೆಯನ್ನು ಪಾತ್ರೆಗೂ ಕಾಳನ್ನು ನೆಲಕ್ಕೂ ಹಾಕಿದಳು. ತಿದ್ದಿ ಇಟ್ಟೆ. "ಕೆಲಸ ಹೋಗಿದ್ರೆ ಅತ್ತೆ ನಿನ್ನನ್ನ ಒಲೆ ಮುಂದೆ ಕೂರಿಸ್ತಿದ್ರು. ಪುಸ್ತಕ ಮುಟ್ಟೋಕೆ ಬಿಡ್ತಿರ್ಲಿಲ್ಲ. ಆಮೇಲೆ ಕಾರ್ಖಾನೆ ದಾರೀಲಿ ನನಗೆ ಓದಿದ ಕತೆ ಹೇಳೋರು ಯಾರು? ಹೋಗ್ತಾ ಅರ್ಧ, ಬರ್ತಾ ಅರ್ಧ. ಆ ಹಡಗಿನ ಕತೆ ಮುಗಿದೇ ಇರ್ಲಿಲ್ಲ ಕಣೇ, ಆಗ."

ನಲವತ್ತೆರಡು ವರ್ಷ ಊರೆಲ್ಲ ಹೇಳಿಕೊಂಡು ಬಂದಿದ್ದೇನೆ, ಹಟ ಹಿಡಿದು ಒಂದೇ ತಿಂಗಳಲ್ಲಿ ಕಲಿತೆನೆಂದು. ಅವಳೆದುರೇ ಎಷ್ಟು ಸಲ! ಅವಳು ಹೂಂ ಅನ್ನುತ್ತಿದ್ದಳು.

ಸೆಪ್ಟೆಂಬರ್ 4

ಮ್ಯೂಸಿಯಮ್ಮಿನಿಂದ ಫಾರಂ. 'ಈ ಗುರುತು ತಮ್ಮದೆಂದು ದೃಢೀಕರಿಸಿ ಸಹಿ ಮಾಡುವುದು.' ಸಹಿ ಮಾಡಿದರೆ ಚೀಟಿ ನನ್ನ ಹೆಸರಿಗೆ. ಮಾಡದಿದ್ದರೆ ಯಜಮಾನರದೇ ಖಾಯಂ. ಎರಡೂ ಸುಳ್ಳು. ಮೂರನೆಯದಕ್ಕೆ ಜಾಗ ಬಿಟ್ಟಿಲ್ಲ.

"ಹಾಕು ಸಹಿ," ಅಂದಳು ಅಕ್ಕ. "ಮನೇಲೇ ಉಳೀತಲ್ಲ. ಹೇಗೂ ನನಗೆ ಓದೋಕಾಗಲ್ಲ."

ಹಾಕಲಿಲ್ಲ. ಬಸ್ಸು ಹತ್ತಿ ಹೋಗಿ ಎಲ್ಲವನ್ನೂ ಹೇಳಿದೆ, ಮೇಸ್ತ್ರಿಯ ಬೈಗುಳವನ್ನೂ ಬಿಡದೆ. ಕ್ಯುರೇಟರ್ ಕಣ್ಣೊರೆಸಿಕೊಂಡಳು. ಒರೆಸಿಕೊಂಡು ಅಂದಳು — "ನಾನು ನಂಬ್ತೀನಿ ಮೇಡಂ. ಆದ್ರೆ ಕಮಿಟಿ, ಇವರು ಅಕ್ಕನ ಮೇಲಿನ ಪ್ರೀತಿಗೆ ಹೇಳ್ತಿದ್ದಾರೆ ಅನ್ನತ್ತೆ. ಗುರುತೇ ಸಾಕ್ಷಿ ಅಂತ ನೀವೇ ನಾಲ್ಕು ಪುಟ ಬರೆದಿದ್ದೀರಿ."

ಬರೆದಿದ್ದೇನೆ. ಸಹಿ ಸಮೇತ.

ಬಸ್ಸಿನಲ್ಲಿ ಬರುವಾಗ ಹೊಳೆಯಿತು. ನನ್ನ ಕೈಯಲ್ಲಿ ಆಗುವುದಿಲ್ಲ ಎಂಬುದಕ್ಕೆ ಸಾಕ್ಷಿ ನನ್ನ ಕೈಯೇ.

ಸೆಪ್ಟೆಂಬರ್ 11

ಮೂರು ತಲೆಗೆ ಕಣ್ಣು ಕೂರಿಸಿದೆ. ಕ್ಯುರೇಟರ್ ಎದುರು, ಅವರ ಮೇಜಿನ ಮೇಲೆ, ಮೂರು ದಿನ. ಬೇಕೆಂದು ಕೆಡಿಸಲಿಲ್ಲ. ಅದು ಮೋಸವಾಗುತ್ತದೆ. ಉಸಿರು ಬಿಗಿಹಿಡಿದು ಕೈಲಾದಷ್ಟು ಚೆನ್ನಾಗಿಯೇ ಮಾಡಿದೆ. ಅದೇ ದುಃಖ.

ಮೊದಲನೆಯದು ಮೆಳ್ಳಗಣ್ಣು. ಎರಡನೆಯದು ನಿದ್ದೆಗಣ್ಣು. ಮೂರನೆಯದು ಯಾವುದೋ ದುರ್ವಾರ್ತೆ ಕೇಳಿದಂತಿದೆ. ಬೂದು ಫ್ರಾಕಿನ ಹುಡುಗಿಯ ಪಕ್ಕ ಸಾಲಾಗಿ ಇಟ್ಟರು. ಕಮಿಟಿಯ ದೊಡ್ಡ ಮನುಷ್ಯರೊಬ್ಬರು ಬಾಗಿ ನೋಡಿ ಕೆಮ್ಮಿದರು. ಇನ್ನೊಬ್ಬರು ನಗು ನುಂಗಿದರು. ಅರವತ್ತಮೂರು ವರ್ಷದವಳು ಪರೀಕ್ಷೆಯಲ್ಲಿ ಫೇಲಾಗಿ ಇಷ್ಟು ಹಗುರವಾಗಿ ಮನೆಗೆ ಬಂದದ್ದಿಲ್ಲ.

ಅಂದಹಾಗೆ ಮೂರಕ್ಕೂ ಒಳಗೆ ಕೊಕ್ಕೆ ಹಾಕಿದ್ದೇನೆ. ಈ ಸಲ ನಿಜವಾಗಿ ನನ್ನವು.

ಅಕ್ಟೋಬರ್ 19

ಚೀಟಿ ಬದಲಾಗಿದೆ. ಎರಡು ಸಾಲು. 'ಕಣ್ಣು ಕೂರಿಸಿದವರು' ಎಂದು ಅಕ್ಕನ ಹೆಸರು. ಕೆಳಗೆ, 'ಗುರುತು ಮಾತ್ರ ಓರಗಿತ್ತಿಯದು'.

ಅಕ್ಕ ಗಾಜಿನ ಎದುರು ಈ ಕಡೆಯಿಂದ ನಿಂತಳು, ಆ ಕಡೆಯಿಂದ ನಿಂತಳು. ಓರೆಗಣ್ಣಿಗೂ ಅಕ್ಷರ ಸಿಗಲಿಲ್ಲ. ನಾಲ್ಕು ತಿಂಗಳ ಹಿಂದೆ ಸಿಗುತ್ತಿತ್ತು. ಪರಿಶೀಲಿಸುತ್ತ ಕೂತರಲ್ಲ!

"ಓದು," ಅಂದಳು.

ಓದಿದೆ. ಕಾವಲಿನವನು ಬಂದು ಮೆಲ್ಲಗೆ ಮಾತಾಡಿ ಅಂದ. ಅಕ್ಕ ಅವನತ್ತ ತಿರುಗಿ, "ನನಗೆ ಕಿವೀನೂ ಮಂದ ಅಪ್ಪ," ಅಂದಳು. ಶುದ್ಧ ಸುಳ್ಳು. ಗಟ್ಟಿಯಾಗಿ ಇನ್ನೊಂದು ಸಲ ಓದಿದೆ.

ನವೆಂಬರ್ 6, ಬೆಳಿಗ್ಗೆ 10

ಮೊನ್ನೆ ಅಕ್ಕ ಕಣ್ಣಿನ ಡಬ್ಬಿಯನ್ನು ನನ್ನ ಮೇಜಿಗೆ ತಂದಿಟ್ಟಳು. ಇನ್ನು ಆಗುವುದಿಲ್ಲ ಅಂದಳು, ಅಷ್ಟೇ. ಹಲ್ಲಿನ ಡಾಕ್ಟರ ಹನ್ನೆರಡನೆಯದು ಇನ್ನೂ ಕುರುಡಾಗಿ ಕೂತಿದೆ.

ನಿನ್ನೆ ನಾನು ಕೂರಿಸಿದ್ದನ್ನು ಕೆನ್ನೆಯ ಹತ್ತಿರ ಹಿಡಿದು ಅಂಚಿನಿಂದ ನೋಡಿ, "ಇದು ಯಾರನ್ನ ನೋಡ್ತಿದೆ?" ಅಂದಳು.

"ನಿನ್ನನ್ನೇ."

"ಇಲ್ಲ ಕಣೇ, ತನ್ನ ಮೂಗನ್ನೇ ನೋಡ್ಕೋತಿದೆ. ಕೀಳು. ನಾಳೆ ನಿನ್ನ ಕೈ ಮೇಲೆ ಕೈ ಇಟ್ಟು ಕಲಿಸ್ತೀನಿ."

"ಈಗಲಾ? ನಲವತ್ತೆರಡು ವರ್ಷ ಏನು ಮಾಡ್ತಿದ್ದೆ?"

"ಕತೆ ಕೇಳ್ತಿದ್ದೆ."

ಈಗ ಪ್ಲಾಸ್ಟರ್ ಕಲಸಿದ್ದಾಳೆ, ಅಳತೆ ನೋಡದೆ, ಬೆರಳಲ್ಲೇ. ಬಲಗಣ್ಣು ನೇರ, ಎಡಗಣ್ಣು ಮೊದಲು ನೇರ ಇಟ್ಟು, ಆಮೇಲೆ ಹೊರಕ್ಕೆ ಒಂದು ಕೂದಲೆಳೆ. ಒತ್ತಬಾರದಂತೆ, ಯಾರೋ ಬಾಗಿಲು ತೆಗೆದರು ಅಂದುಕೊಂಡು ಬಿಡಬೇಕಂತೆ. ಇದನ್ನು ಬರೆದಿಟ್ಟುಕೊಳ್ಳಬೇಕು, ಮರೆಯುವ ಮೊದಲು. ಎಷ್ಟು ಹೊತ್ತು ಹಿಡಿಯಬೇಕೆಂದರೆ — ಕೂಗುತ್ತಿದ್ದಾಳೆ. ಗಟ್ಟಿಯಾಗುತ್ತಿದೆಯಂತೆ, ಆ ಪುಸ್ತಕ ಮುಚ್ಚಿ ಬಾರೇ ಅಂತ