ನಾಲ್ಕೂವರೆ ಅಡಿಯ ನೀಲಿ ಗೆರೆ

ಸೋಮವಾರ, ಬೆಳಿಗ್ಗೆ

ಪ್ರೀತಿಯ ಅಮ್ಮ,

ಇವತ್ತು ಬೆಳಿಗ್ಗೆ ಬ್ರೆಡ್ ತರಲು ಹೋದಾಗ ನನ್ನ ಮುಂದೆ ನಿಂತಿದ್ದ ಪೋಸ್ಟ್‌ಮ್ಯಾನ್ ಬೆನ್ನ ಮೇಲೆ ಅಡ್ಡಲಾಗಿ ಒಂದು ನೀಲಿ ಗೆರೆ ಇತ್ತು. ಅವರ ಮುಂದಿದ್ದ ಔಷಧಿ ಅಂಗಡಿಯವರಿಗೆ ಅದೇ ಗೆರೆ ಅಂಗಿಯ ಕಾಲರಿನ ಮೇಲೆ. ನಿನ್ನೆಯ ಅಂಗಿಯನ್ನೇ ಇವತ್ತೂ ಹಾಕಿಕೊಂಡವರು ಯಾರು ಯಾರು ಅಂತ ಬೀದಿಗೆಲ್ಲ ಗೊತ್ತಾಗುವಂತಿತ್ತು. ನಗು ತಡೆಯಲಾರದೆ ಬ್ರೆಡ್ಡಿನ ಬದಲು ರಸ್ಕ್ ಕಟ್ಟಿಸಿಕೊಂಡು ಬಂದೆ.

ಆ ಗೆರೆ ಎಳೆದವಳು ನಿನ್ನ ಮಗಳು.

ಫೋನ್ ಮಾಡಿ ಹೇಳಬಹುದಿತ್ತು. ಆದರೆ ಅಕ್ಕನ ಮಗು ಸರಿಯಾಗಿ ಮುಖ್ಯವಾದ ಮಾತಿಗೇ ಅಳುತ್ತದೆ, ನೀನು ಆಮೇಲೆ ಮಾಡ್ತೀನಿ ಅಂತ ಇಟ್ಟುಬಿಡುತ್ತೀಯ. ನನಗೂ ಬಾಯಿಗಿಂತ ಕೈಯೇ ವಾಸಿ. ಅದಕ್ಕೇ ಮೊದಲೇ ಬರೆದುಬಿಡುತ್ತೇನೆ: ಹೊಸ ಈಜುಕೊಳ ಆಗುತ್ತದೆ ಅಮ್ಮ! ಆಗಿಯೇ ತೀರುತ್ತದೆ. ಅದರಲ್ಲಿ ನೀನು ಈಜು ಕಲಿಸುವ ಬ್ಯಾಚಿಗೆ ಜಾಗವಿದೆ.

ಈಗ ನಿನಗೆ ಹೇಳದೆ ಬಚ್ಚಿಟ್ಟಿದ್ದನ್ನು ಹೇಳಬೇಕು.

ಹಳೆಯ ಕೊಳ ಬಿರುಕು ಬಿಟ್ಟು, ಸಂಜೆ ತುಂಬಿದ ನೀರು ಬೆಳಿಗ್ಗೆಗೆ ಮೊಳಕಾಲಿಗೆ ಇಳಿಯತೊಡಗಿದಾಗ ನೀನು ಸೀಟಿಯನ್ನು ಬಾಗಿಲ ಪಕ್ಕದ ಮೊಳೆಗೆ ಸಿಕ್ಕಿಸಿ, ನನ್ನ ಕಾಲ ಮುಗೀತು ಅಂದು ಅಕ್ಕನ ಮನೆಗೆ ಹೊರಟೆಯಲ್ಲ, ಅದರ ಮಾರನೇ ವಾರವೇ ಕೊಳದ ಸಮಿತಿಯವರು ನನ್ನನ್ನು ಸಭೆಯ ನಡಾವಳಿ ಬರೆಯಲು ಕರೆದರು, ಅಷ್ಟು ನಿನಗೆ ಗೊತ್ತು. ಸಾಹಿತ್ಯ ಓದಿದ ಹುಡುಗಿ, ಅಕ್ಷರ ಮುದ್ದಾಗಿದೆ, ಮಾತು ಕಮ್ಮಿ, ಇನ್ನೇನು ಬೇಕು ಅಂದರಂತೆ ಅಧ್ಯಕ್ಷರು. ಹೊಸ ಕೊಳದ ಅರ್ಧ ಖರ್ಚು ಪುರಸಭೆಯದು, ಉಳಿದರ್ಧ ನಮ್ಮದು. ಅದಕ್ಕಾಗಿ ಐದು ವರ್ಷದ ಪಾಸನ್ನು ಈಗಲೇ ಮಾರುವುದು. ನಿನ್ನೆ ಭಾನುವಾರದೊಳಗೆ ಮುನ್ನೂರು ಪಾಸು ಹೋಗದಿದ್ದರೆ ಪುರಸಭೆಯ ಹಣ ಬೇರೆ ಕೆಲಸಕ್ಕೆ ಹೊರಟುಹೋಗುತ್ತಿತ್ತು. ನೂರ ನಲವತ್ತಕ್ಕೆ ಬಂದು ಬಂಡಿ ನಿಂತಿತ್ತು.

ಹೋದ ತಿಂಗಳ ಸಭೆಯಲ್ಲಿ ಪುರಸಭೆಯ ಎಂಜಿನಿಯರ್ ಒಂದು ಸಲಹೆ ಕೊಟ್ಟರು. ಕೊಳದ ತಳವನ್ನು ಇಳಿಜಾರು ಮಾಡುವುದು ದುಬಾರಿ. ಒಂದೇ ಆಳ ಇಟ್ಟರೆ ಉಳಿದ ದುಡ್ಡಿನಲ್ಲಿ ಸ್ಪರ್ಧೆ ನೋಡುವವರಿಗೆ ಗ್ಯಾಲರಿ ಕಟ್ಟಬಹುದು ಅಂತ. ಎಲ್ಲರೂ ತಲೆಯಾಡಿಸಿದರು. ನಾನು ಬರೆದೆ: “ಕೊಳದ ಆಳವನ್ನು ಉದ್ದಕ್ಕೂ ನಾಲ್ಕೂವರೆ ಅಡಿಗೆ ನಿಗದಿಪಡಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು.” ವಾಕ್ಯ ಚೆನ್ನಾಗಿ ಬಂತು ಅಂತ ಎರಡು ಸಲ ಓದಿಕೊಂಡೆ ಕೂಡ.

ಕಳೆದ ಗುರುವಾರ ಅದನ್ನೇ ನಕಲು ತೆಗೆಯುತ್ತಿದ್ದಾಗ ಏಕೋ ಮನಸ್ಸು ತಡೆಯಲಿಲ್ಲ. ಎದ್ದು ಹೋಗಿ ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಟೇಪು ಹಿಡಿದು ನಾಲ್ಕೂವರೆ ಅಡಿಗೆ ಗುರುತು ಹಾಕಿ ಪಕ್ಕದಲ್ಲಿ ನಿಂತೆ. ನನ್ನ ಮೇಲ್ತುಟಿಗೆ ಬಂತು. ನಿನ್ನ ಬ್ಯಾಚಿನ ಅರ್ಧ ಹೆಂಗಸರು ನನಗಿಂತ ಕುಳ್ಳಗೆ. ಮಕ್ಕಳ ಮಾತೇ ಬೇಡ. ನೀರಿನಲ್ಲಿ ಕಾಲೂರಿ ನಿಲ್ಲುವ ಜಾಗವೇ ಇಲ್ಲದಿದ್ದರೆ ನೀನು ಯಾರಿಗೆ ಎಲ್ಲಿ ಕಲಿಸುತ್ತೀಯ? ಇಪ್ಪತ್ತೆರಡು ವರ್ಷದ ನಿನ್ನ ಕೆಲಸವನ್ನು ನನ್ನ ಮುದ್ದಾದ ಅಕ್ಷರದಲ್ಲೇ ಅಳಿಸಿಹಾಕಿದ್ದೆ. ಅವತ್ತೇ ನೀನು ಫೋನ್ ಮಾಡಿ ಸಮಿತಿಯಲ್ಲಿ ಏನು ವಿಶೇಷ ಅಂತ ಕೇಳಿದಾಗ, ಏನಿಲ್ಲಮ್ಮ ಅಂದೆನಲ್ಲ, ಅದು ಸುಳ್ಳು.

ಶುಕ್ರವಾರ ಧೈರ್ಯ ಮಾಡಿ ಎಂಜಿನಿಯರ್ ಮೇಜಿನ ಮುಂದೆ ನಿಂತೆ. ನಿನಗೆ ಅವರು ಗೊತ್ತಿಲ್ಲ. ಬಾಗಿಲು ದಾಟುವಾಗೆಲ್ಲ ತಲೆ ತಗ್ಗಿಸುವ ಆಳು, ಆಫೀಸಿನಲ್ಲಿ ಹಿಂದಿನಿಂದ ಎಲ್ಲರೂ ಒಂಟೆ ಅನ್ನುತ್ತಾರೆ. ನಾನು ಆಳದ ಮಾತೆತ್ತುವಷ್ಟರಲ್ಲೇ, ನಾಲ್ಕೂವರೆ ಅಡಿ ಏನು ಮಹಾ, ನನಗೆ ಎದೆಮಟ್ಟ, ಅಷ್ಟೇ ಅಂದು ನಕ್ಕರು. ನಾನು ಹೌದು ಸರ್ ಅಂದು ಬಂದುಬಿಟ್ಟೆ. ಹೌದು ಸರ್! ಮೆಟ್ಟಿಲಿಳಿಯುವಾಗ ನನ್ನ ಮೇಲೆ ನನಗೇ ಎಂಥ ಸಿಟ್ಟು ಬಂತು ಗೊತ್ತಾ.

ಹಳೆಯ ಕೊಳದ ಕಡೆ ಹೋದೆ. ಪಂಪಿನ ಮಾಮ ಎಂದಿನಂತೆ ಬರಿದಾದ ತಳಕ್ಕಿಳಿದು ಎಲೆ ಗುಡಿಸುತ್ತಿದ್ದರು. ಪಂಪಿಲ್ಲ, ನೀರಿಲ್ಲ, ಸಂಬಳವೂ ನಿಂತಿದೆ. ಆದರೂ ದಿನಾ ಬರುತ್ತಾರೆ. ಅವರ ಹತ್ತಿರ ಎಲ್ಲ ಹೇಳಿಕೊಂಡೆ. ಭಾನುವಾರ ಊರವರ ಸಭೇಲಿ ಎದ್ದು ಹೇಳು ಅಂದರು. ಬಾಯಿ ಬರಲ್ಲ ಮಾಮ ಅಂದೆ. ಪೊರಕೆಯನ್ನು ಗೋಡೆಗೆ ಒರಗಿಸಿ, “ಗೋಡೆಗೂ ಕಿವಿ ಇದೆ ಅಂತಾರೆ. ಬಾಯಿ ಇದೆಯೋ ಇಲ್ಲವೋ ನೋಡೇಬಿಡೋಣ” ಅಂದರು.

ನಿನ್ನೆ ಬೆಳಿಗ್ಗೆ ಏಳಕ್ಕೆ ನಾವಿಬ್ಬರೂ ಸಭಾಭವನದಲ್ಲಿದ್ದೆವು. ದಪ್ಪ ದಾರವನ್ನು ಬಟ್ಟೆಗೆ ಹಾಕುವ ನೀಲಿಪುಡಿಯಲ್ಲಿ ಹೊರಳಿಸಿ, ಒಂದು ತುದಿ ಅವರು, ಒಂದು ತುದಿ ನಾನು ಬಿಗಿಯಾಗಿ ಹಿಡಿದು, ನಡುವೆ ಎಳೆದು ಬಿಟ್ಟರೆ ಫಟ್ ಅಂತ ಗೋಡೆಯ ಮೇಲೆ ನೇರ ಗೆರೆ! ಗಾರೆ ಕೆಲಸದವರು ಹಾಗೆಯೇ ಮಾಡುವುದಂತೆ. ನಾಲ್ಕೂ ಗೋಡೆಗೆ, ನೆಲದಿಂದ ಸರಿಯಾಗಿ ನಾಲ್ಕೂವರೆ ಅಡಿಗೆ. ಅಲ್ಲಲ್ಲಿ ಅದರ ಕೆಳಗೆ ಚಿಕ್ಕದಾಗಿ ಬರೆದೆ: ನೀರು ಇಲ್ಲಿವರೆಗೆ.

ಕೊನೆಯ ದಿನವಾದ್ದರಿಂದ ಜನ ಬಂದರೂ ಬಂದರು. ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತರು. ಮೊದಲು ಕಣ್ಣಿಗೆ ಬಿದ್ದದ್ದು ನಮ್ಮ ಟೈಲರಮ್ಮನಿಗೆ. ಕೊರಳಲ್ಲಿ ಟೇಪು ಇತ್ತಲ್ಲ, ನೆಲದಿಂದ ಅಳೆದೇಬಿಟ್ಟರು. ಆಮೇಲೆ ಗೆರೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತು ಸಭೆಗೆಲ್ಲ ಕೇಳುವಂತೆ, “ಅಧ್ಯಕ್ಷರೇ, ನನಗೆ ಮೂಗಿಗೆ ಬಂತು. ಉಸಿರಾಟ ಪಾಸಿನಲ್ಲೇ ಸೇರಿದೆಯಾ, ಅದಕ್ಕೆ ಬೇರೆ ದುಡ್ಡಾ?” ಅಂದರು.

ಅಮ್ಮ, ನೀನಿರಬೇಕಿತ್ತು! ಒಬ್ಬೊಬ್ಬರೇ ತಿರುಗಿ ಅಳತೆ ನೋಡಿಕೊಳ್ಳತೊಡಗಿದರು. ನನಗೆ ಗಲ್ಲ, ನನಗೆ ಹುಬ್ಬು, ಇವನು ಪೂರ್ತಿ ಮುಳುಗಿದ ಅಂತ ಗದ್ದಲವೋ ಗದ್ದಲ. ಯಾರು ಎಳೆದದ್ದು ಇದನ್ನ ಅಂತ ಅಧ್ಯಕ್ಷರು ಮೇಜು ಕುಟ್ಟಿದರು. ನಾನು ಪೆನ್ನು ಹಿಡಿದ ಕೈಯನ್ನೇ ಎತ್ತಿದೆ. ಬೆರಳೆಲ್ಲ ನೀಲಿ. ಎದ್ದು ನಿಂತದ್ದು ನೆನಪಿದೆ. ಬಂದ ಮಾತು ಒಂದೇ: “ಸರ್, ಕಲಿಯೋರು ಎಲ್ಲಿ ನಿಲ್ಲಬೇಕು?”

ಅಧ್ಯಕ್ಷರು ವೇದಿಕೆಯಿಂದ ಇಳಿದು ಬಂದು ತಾವೇ ಗೆರೆಯ ಪಕ್ಕ ನಿಂತರು. ಅವರ ಎತ್ತರ ನಿನಗೆ ಗೊತ್ತೇ ಇದೆ. ಬಾಗಿಲಲ್ಲಿದ್ದ ಪಂಪಿನ ಮಾಮ ಬಹಳ ವಿನಯದಿಂದ, “ಹಿಮ್ಮಡಿ ಕೆಳಗಿಡಿ ಸಾರ್” ಅಂದರು. ಭವನವೇ ಹಾರಿಹೋಗುವ ಹಾಗೆ ನಕ್ಕರು ಜನ. ಅಧ್ಯಕ್ಷರೂ ನಕ್ಕರು. ಹಾಗಾದರೆ ಗ್ಯಾಲರಿ ಅಂತ ಯಾರೋ ರಾಗ ತೆಗೆದಾಗ ಟೈಲರಮ್ಮ, “ಮುಳುಗೋದನ್ನ ಕೂತು ನೋಡೋಕೆ ಗ್ಯಾಲರಿ, ಇಳಿಯೋಕೆ ಮೆಟ್ಟಿಲಿಲ್ಲ, ಚೆನ್ನಾಗಿದೆ ನಿಮ್ಮ ಲೆಕ್ಕ” ಅಂದರು. ಅಲ್ಲಿಗೆ ಗ್ಯಾಲರಿ ಹೋಯಿತು.

ಎಂಜಿನಿಯರ್ ಒಳ್ಳೆಯವರೇ. ಅಲ್ಲೇ ನಕ್ಷೆ ಬಿಡಿಸಿ ಪೆನ್ಸಿಲಿನಲ್ಲಿ ತಿದ್ದಿದರು: ಒಂದು ಕಡೆ ಎರಡು ಅಡಿಯಿಂದ ಶುರುವಾಗಿ ನಿಧಾನಕ್ಕೆ ಐದಕ್ಕೆ ಇಳಿಯುವ ತಳ, ಅಗಲವಾದ ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ. ಇದನ್ನ ನೀನು ಮೊದಲೇ ಹೇಳಬಾರದಿತ್ತಾ ಅಂತ ನನ್ನನ್ನೇ ಕೇಳಿದರು. ಶುಕ್ರವಾರ ಹೇಳೋಕೆ ಬಂದಿದ್ದೆ ಸರ್ ಅಂತ ನಾಲಿಗೆ ತುದಿಗೆ ಬಂತು. ಅಲ್ಲೇ ಉಳಿಯಿತು.

ಆಮೇಲೆ ಪಾಸಿನ ಸಾಲು. ಎರಡು ರಸೀದಿ ಪುಸ್ತಕ ಮುಗಿದು ಮೂರನೆಯದನ್ನು ಒಡೆಯಬೇಕಾಯಿತು. ಒಂದು ಗಂಟೆಯ ಹೊತ್ತಿಗೆ ಮುನ್ನೂರ ಹನ್ನೆರಡು! ಟೈಲರಮ್ಮನೇ ಮೂರು ತಗೊಂಡರು: ಒಂದು ಅವರಿಗೆ, ಒಂದು ಮೊಮ್ಮಗಳಿಗೆ. ಮೂರನೆಯದರ ವಿಷಯ ಕೊನೆಗೆ ಬರೆಯುತ್ತೇನೆ.

ಮುಂದಿನ ತಿಂಗಳು ಅಗೆತ ಶುರು. ನೀರು ತುಂಬುವುದಕ್ಕೆ ಎಂಟು ತಿಂಗಳಾದರೂ ಬೇಕು. ನಿಮ್ಮ ತಾಯಿ ಬರ್ತಾರಲ್ಲ ಅಂತ ಅಧ್ಯಕ್ಷರು ಕೇಳಿದರು, ಬರೆದು ಕೇಳ್ತೀನಿ ಸರ್ ಅಂದಿದ್ದೇನೆ. ಕೇಳುತ್ತಿದ್ದೇನೆ. ಮಗು ಕೂರುವುದನ್ನು ಕಲಿಯಲಿ, ನಿಲ್ಲುವುದನ್ನೂ ಕಲಿಯಲಿ, ಆಮೇಲೆ ಬಾ. ಸೀಟಿ ಇನ್ನೂ ಮೊಳೆಯ ಮೇಲೇ ಇದೆ. ನಿನ್ನೆ ಧೂಳು ಒರೆಸಿದೆ. ಊದಲಿಲ್ಲ.

ನಿನ್ನ
ಕಿರಿಮಗಳು

ತಾ.ಕ.: ಈಜು ಕಲಿಸುವವಳ ಮಗಳಿಗೇ ಈಜು ಬಾರದು, ದೀಪದ ಬುಡದಲ್ಲೇ ಕತ್ತಲೆ ಅಂತ ಅಕ್ಕ ಕೆಣಕಿದಾಗೆಲ್ಲ ಕಿವಿನೋವು ಅನ್ನುತ್ತಿದ್ದೆನಲ್ಲ, ನನಗೆ ಯಾವತ್ತೂ ಕಿವಿನೋವು ಇರಲಿಲ್ಲ ಅಮ್ಮ. ಏಳು ವರ್ಷದವಳಿದ್ದಾಗ ಒಂದು ದಿನ, ನೀನು ಆ ಕಡೆ ಬೇರೆ ಮಗುವಿನ ಗಲ್ಲ ಹಿಡಿದು ತೇಲಿಸುತ್ತಿದ್ದಾಗ, ನಾನು ಆಳದ ಕಡೆ ಹೋಗಿ ಮುಳುಗಿದ್ದೆ. ಜುಟ್ಟು ಹಿಡಿದು ಎಳೆದವರು ಟೈಲರಮ್ಮ. ಅಮ್ಮನಿಗೆ ಹೇಳಬೇಡಿ, ಅವಳು ಕಲಿಸೋದನ್ನೇ ಬಿಟ್ಟುಬಿಡ್ತಾಳೆ ಅಂತ ನಾನೇ ಅತ್ತು ಬೇಡಿಕೊಂಡಿದ್ದೆ. ಹದಿನಾರು ವರ್ಷ ಅವರು ಬಾಯಿ ಬಿಡಲಿಲ್ಲ. ನಿನ್ನೆ ಮೂರನೇ ಪಾಸು ಯಾರ ಹೆಸರಿಗೆ ಅಂತ ಕೇಳಿದೆ. ನನ್ನ ಹೆಸರು ಹೇಳಿ, ನನ್ನ ಮುಖ ನೋಡದೆ ದುಡ್ಡು ಎಣಿಸುತ್ತ ನಿಂತರು. ಬೇಡ ಅನ್ನಬೇಕೆಂದುಕೊಂಡವಳು ರಸೀದಿ ಬರೆದೆ. ಮೊದಲ ಬ್ಯಾಚಿನಲ್ಲಿ ನಾನಿರುತ್ತೇನೆ, ಎರಡು ಅಡಿಯ ಕಡೆಯಿಂದ ಇಳಿಯುತ್ತೇನೆ. ಮಗಳೆಂದು ನೋಡಬೇಡ, ಎಲ್ಲರಿಗೂ ಊದಿದ ಹಾಗೆಯೇ ನನಗೂ ಸೀಟಿ ಊದು.