ಹಾಲು ಬಿಟ್ಟ ಮೇಲೆ

ಹ್ಯಾಂಡ್‌ಪೋಸ್ಟ್
12-11-2024, ಮಂಗಳವಾರ

ಅತ್ತೆಯವರಿಗೆ,

ನಿಮ್ಮ ಸೊಸೆ ರೂಪಶ್ರೀ ಮಾಡುವ ನಮಸ್ಕಾರ. ಸೊಸೆ ಎಂದು ಬರೆದುಕೊಳ್ಳುವ ಹಕ್ಕು ಇನ್ನೂ ಇದೆಯೋ ಇಲ್ಲವೋ, ಬೇರೆ ಹೇಗೆ ಬರೆಯಬೇಕೆಂದು ತಿಳಿಯದೆ ಹಾಗೇ ಬರೆದೆ. ನಾನಿಲ್ಲಿ ಕ್ಷೇಮ. ನೀವು, ಮಾವನವರು, ಸ್ಪಂದನಾ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿಮ್ಮ ಮಗನೂ.

ಹಾಲು ಬಿಡಿಸುವ ಮಗುವಿಗೆ ತಾಯಿಯ ಮುಖ ಕಾಣಬಾರದು, ದನಿ ಕೇಳಬಾರದು, ಹುಣ್ಣಿಮೆ ಕಳೆಯುವ ತನಕ ಫೋನು ಕೂಡ ಮಾಡಬೇಡ ಎಂದು ಹೇಳಿ ನೀವು ನನ್ನ ಮಗಳನ್ನು ಕರೆದುಕೊಂಡು ಹೋದಿರಿ. ಮಾಡಿಲ್ಲ. ಮಾಡಿದ್ದರೂ ಆ ಮನೆಯಲ್ಲಿ ಫೋನ್ ಎತ್ತುವವರು ನನ್ನ ಜೊತೆ ಮಾತಾಡುವುದಿಲ್ಲ. ಅದಕ್ಕೇ ಈ ಕಾಗದ. ನಮ್ಮ ಅಂಗನವಾಡಿಯ ಸಹಾಯಕಿ ಭಾಗ್ಯಮ್ಮನ ತವರು ನಿಮ್ಮ ಪಕ್ಕದ ಊರು. ರಜೆ ಹಾಕಿ ನಾಳೆ ಹೋಗುತ್ತಿದ್ದಾಳೆ, ನಿಮ್ಮ ಕೈಗೇ ಕೊಡುತ್ತಾಳೆ. ನೀವು ಬೆರಳಿಟ್ಟು ಓದುವವರು, ಅದಕ್ಕೇ ಅಕ್ಷರ ದಪ್ಪಗೆ ಬರೆದಿದ್ದೇನೆ.

ಮೊದಲು ಕುಡಿಯುವುದರ ವಿಷಯ. ನಗಬೇಡಿ, ತಾಯಂದಿರ ಸಭೆಯಲ್ಲಿ ಪ್ರತಿ ತಿಂಗಳು ಇದನ್ನೇ ಗಿಳಿಪಾಠದ ಹಾಗೆ ಒಪ್ಪಿಸುವವಳು ನಾನು. ಹಸುವಿನ ಹಾಲನ್ನು ಚೆನ್ನಾಗಿ ಉಕ್ಕಿಸಿ, ಆರಿಸಿ, ಲೋಟದಲ್ಲಿ ಕೊಡಿ. ಬೆಳಿಗ್ಗೆ ಒಂದು ಸಣ್ಣ ಲೋಟ, ಸಂಜೆ ಒಂದು ಸಾಕು. ಮನೆಯಲ್ಲಿ ಕರೆಯುವ ಹಾಲಿದೆಯೆಂದು ಕೇಳಿದಾಗಲೆಲ್ಲ ಕೊಟ್ಟರೆ ಹೊಟ್ಟೆ ಅದರಲ್ಲೇ ತುಂಬಿಬಿಡುತ್ತದೆ, ಆಮೇಲೆ ಮುದ್ದೆಯ ಕಡೆ ತಿರುಗಿಯೂ ನೋಡುವುದಿಲ್ಲ. ಸಕ್ಕರೆ ಹಾಕಬೇಡಿ. ಅವಳಿಗೆ ಇನ್ನೂ ಸಕ್ಕರೆಯ ರುಚಿ ಹತ್ತಿಲ್ಲ, ಹತ್ತುವ ತನಕ ನಾವು ಗೆದ್ದ ಹಾಗೆ. ಮಧ್ಯಾಹ್ನ ನೀರು ಮಜ್ಜಿಗೆ ಆಗುತ್ತದೆ. ಹಸಿವಾದರೆ ರಾಗಿ ಗಂಜಿ, ಆದರೆ ಅದನ್ನು ಊಟದ ಲೆಕ್ಕಕ್ಕೆ ಹಿಡಿಯಿರಿ. ಉಳಿದ ಹೊತ್ತೆಲ್ಲ ಕಾಯಿಸಿ ಆರಿಸಿದ ನೀರು. ರಾತ್ರಿ ಎದ್ದು ಅತ್ತರೆ ಮೊದಲು ನೀರು ಕೊಟ್ಟು ನೋಡಿ. ಎಷ್ಟೋ ಸಲ ಅದು ಬರೀ ಬಾಯಾರಿಕೆ ಇರುತ್ತದೆ. ಇದು ನನಗೆ ಮೊದಲೇ ಗೊತ್ತಿತ್ತು, ಆದರೂ ಒಂದು ಸಲವೂ ನೀರು ಕೊಟ್ಟು ನೋಡಿರಲಿಲ್ಲ. ಯಾಕೆಂದು ಆಮೇಲೆ ಬರೆಯುತ್ತೇನೆ.

ಟೀ ಮಾತ್ರ ಬೇಡ. ಮಾವನವರು ಸಾಸರಿಗೆ ಟೀ ಬಗ್ಗಿಸಿಕೊಂಡು, ಬನ್ನು ಅದ್ದಿ ಅವಳ ಬಾಯಿಗಿಡುವುದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಅವರ ಪ್ರೀತಿಗೆ ನಾನು ಏನೂ ಅನ್ನುವುದಿಲ್ಲ. ಆದರೆ ಟೀ ಕುಡಿದರೆ ಉಂಡ ಊಟ ರಕ್ತಕ್ಕೆ ಹತ್ತುವುದಿಲ್ಲ, ಅವಳಿಗೆ ರಕ್ತವೇ ಕಡಿಮೆ. ಅವರ ಮನಸ್ಸು ನೋಯದ ಹಾಗೆ ನೀವೇ ಹೇಳಿ. ಅಂಗಡಿಯ ಪೊಟ್ಟಣದ ಜ್ಯೂಸು, ಬಣ್ಣದ ಶರಬತ್ತು ಇವೂ ಬೇಡ. ಯಾರಾದರೂ ಹಾಲಿನ ಬಾಟಲಿ ತಂದಿದ್ದರೆ ಅಟ್ಟದ ಮೇಲೆ ಇಟ್ಟುಬಿಡಿ. ಇದನ್ನು ಬಿಡಿಸಿ ಅದನ್ನು ಹಿಡಿಸಿದರೆ ಪಟ್ಟ ಪಾಡೆಲ್ಲ ದಂಡ.

ಬೇವಿನ ಸೊಪ್ಪು ಅರೆದು ಹಚ್ಚಿಕೊಂಡಿದ್ದೆ ಎಂದು ಭಾಗ್ಯಮ್ಮ ನಿಮಗೆ ಹೇಳಿದ್ದಳಲ್ಲ, ಮುಂದಿನದನ್ನು ನಾನು ಯಾರಿಗೂ ಹೇಳಿರಲಿಲ್ಲ. ಸ್ಪಂದನಾ ಬಾಯಿ ಹಾಕಿದಳು, ಮುಖ ಹುಳ್ಳಗೆ ಮಾಡಿದಳು, ‘ಅವ್ವ, ಕಯ್ಯಿ’ ಅಂದಳು. ಆಮೇಲೆ ನನ್ನ ಸೆರಗನ್ನೇ ಎಳೆದುಕೊಂಡು, ಗಾಯ ಒರೆಸುವವರ ಹಾಗೆ ಮೆಲ್ಲಗೆ ಎಲ್ಲ ಒರೆಸಿ, ಕುಡಿಯಲು ಶುರುಮಾಡಿದಳು. ನನಗೇ ಏನೋ ಆಗಿದೆ ಎಂದುಕೊಂಡಿರಬೇಕು. ಇನ್ನು ನನ್ನ ಕೈಯಲ್ಲಿ ಆಗುವುದಿಲ್ಲವೆಂದು ಆವತ್ತೇ ಗೊತ್ತಾಯಿತು.

ಎಲ್ಲರೂ ಹಾಲು ಬಿಡಿಸಲು ಮಗುವನ್ನು ತವರಿಗೆ ಕಳಿಸುತ್ತಾರೆ. ನಮ್ಮವ್ವ ಇದ್ದಿದ್ದರೆ ನಾನೂ ಪಿರಿಯಾಪಟ್ಟಣದ ಬಸ್ಸು ಹತ್ತಿಸುತ್ತಿದ್ದೆ. ಅವ್ವ ಇಲ್ಲ. ಅಣ್ಣನ ಮನೆಯಲ್ಲಿ ಅತ್ತಿಗೆಗೆ ಅವಳ ಮಕ್ಕಳೇ ಸಾಕಾಗಿದ್ದಾರೆ. ಹುಡುಕಿ ಹುಡುಕಿ ಕೊನೆಗೆ ನಾನು ಬಿಟ್ಟು ಬಂದ ಮನೆಗೇ ಹೇಳಿಕಳಿಸಿದೆ. ಭಾಗ್ಯಮ್ಮ ಬೈದಳು, ‘ನಿಮ್ಗೇನ್ ತಲೆ ಕೆಟ್ಟದಾ ಮೇಡಮ್ಮು, ಆ ಮನೆಗೇ ಕಳಿಸ್ತಾರಾ ಯಾರಾದ್ರೂ’ ಎಂದು. ಅವಳು ಯಾಕೆ ಹಾಗಂದಳೆಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಹೋದ ವರ್ಷ ದೇವಸ್ಥಾನದ ಜಗುಲಿಯಲ್ಲಿ ನ್ಯಾಯ ಸೇರಿದ್ದಾಗ ನೀವು ಕಂಬದ ಪಕ್ಕ ನಿಂತಿದ್ದಿರಿ. ನಾನು ಅಂಗನವಾಡಿ ಕೆಲಸ ಬಿಡುವುದಿಲ್ಲ ಅಂದೆ. ನಿಮ್ಮ ಮಗ ಏನೂ ಅನ್ನಲಿಲ್ಲ. ಅದಕ್ಕೂ ಮುಂಚಿನ ಆರೇಳು ತಿಂಗಳಿಂದಲೇ ಅವರು ಮಾತಾಡುವುದನ್ನು ನಿಲ್ಲಿಸಿದ್ದರು. ಮಗು ಯಾರ ಹತ್ತಿರ ಎಂದು ಬಂದಾಗ ಯಜಮಾನ ಚಿಕ್ಕಬೀರಯ್ಯನವರು, ‘ಆಲು ಕುಡಿಯೋ ಕೂಸ ತಾಯಿಯಿಂದ ಕೀಳಬ್ಯಾಡ್ರಪ್ಪ. ಆಲು ಬುಟ್ಟ ಮ್ಯಾಕೆ ನೋಡುವ’ ಅಂದರು. ಎಲ್ಲರೂ ತಲೆಯಾಡಿಸಿ ಎದ್ದರು. ನಾನು ಮಗುವನ್ನು ಎತ್ತಿಕೊಂಡು ಈ ಹ್ಯಾಂಡ್‌ಪೋಸ್ಟಿಗೆ ಬಂದೆ.

ಆವತ್ತಿನಿಂದ ನಾನು ಅವಳಿಗೆ ಹಾಲು ಬಿಡಿಸುವ ಮಾತನ್ನೇ ಎತ್ತಲಿಲ್ಲ. ಬೇರೆ ಮಕ್ಕಳಿಗೆ ಲೋಟ ಹಿಡಿಯುವುದನ್ನು ಕಲಿಸಿದೆ, ನನ್ನ ಮಗಳ ಕೈಗೆ ಲೋಟ ಕೊಡಲಿಲ್ಲ. ಎಚ್ಚರವಾದರೆ ಹಾಲು, ಬಿದ್ದರೆ ಹಾಲು, ಸುಮ್ಮನೆ ಕೂತಿದ್ದರೂ ಹಾಲು. ಎರಡು ವರ್ಷ ತುಂಬಿತು, ಅನ್ನ ಮುಟ್ಟುವುದಿಲ್ಲ, ಮುಖ ಬಿಳುಚಿಕೊಂಡಿತು. ಡಾಕ್ಟರು ರಕ್ತ ನೋಡಿ, ಇವಳು ಊಟ ಮಾಡಲೇಬೇಕಮ್ಮ, ನೀವು ಏನು ಮಾಡುತ್ತೀರಿ ಎಂದು ಕೇಳಿದರು. ಅಂಗನವಾಡಿ ಟೀಚರ್ ಎಂದು ಹೇಳಲು ಬಾಯಿ ಬರಲಿಲ್ಲ, ಮನೆಯಲ್ಲೇ ಇರುತ್ತೇನೆ ಅಂದೆ.

ಅದಕ್ಕೇ ಕಳಿಸಿದೆ. ಅವಳು ಅಲ್ಲಿ ಹಾಲು ಬಿಟ್ಟರೆ ಯಜಮಾನರು ಮತ್ತೆ ಜಗುಲಿಯ ಮೇಲೆ ಕೂರುತ್ತಾರೆಂದು ಗೊತ್ತಿದ್ದೇ ಕಳಿಸಿದೆ. ನನಗೆ ಭಯವಾಗಿದೆ ಅತ್ತೆ.

ಇಲ್ಲಿ ಮನೆಯಲ್ಲಿ ಸದ್ದೇ ಇಲ್ಲ. ಎದೆ ಕಲ್ಲಿನ ಹಾಗೆ ಕಟ್ಟಿಕೊಂಡಿತ್ತು. ಹಾಲು ಇಂಗಲೆಂದು, ಭಾಗ್ಯಮ್ಮ ಹೇಳಿದಂತೆ ಮಲ್ಲಿಗೆ ಮೊಗ್ಗಿನ ದಂಡೆ ತಂದು ಎದೆಗೆ ಕಟ್ಟಿಕೊಳ್ಳುತ್ತಿದ್ದೇನೆ. ದಿನಾ ಅಷ್ಟುದ್ದ ಹೂವು ಕೊಳ್ಳುವುದನ್ನು ನೋಡಿ ಸರ್ಕಲ್ಲಿನಲ್ಲಿ ಹೂ ಮಾರುವವಳು, ‘ಯಾವ ಪೂಜೆ ಕಣವ್ವಾ, ದಿನಾ ಮಾಡ್ತೀಯಲ್ಲ’ ಎಂದು ಕೇಳಿದಳು. ಮನೆದೇವರದ್ದು ಅಂದೆ.

ಹಾಲು ಬಿಡಿಸಿದ ಮಗು ತಾಯಿಯನ್ನು ಮತ್ತೆ ಕಂಡಾಗ ಮೊದಲು ಅವಳ ಕೈಯಿಂದಲೇ ಏನಾದರೂ ಕುಡಿಯಬೇಕು, ಕುಡಿದರೆ ಮುನಿಸು ಹೋಯಿತು ಎನ್ನುತ್ತಾರಲ್ಲ, ಆವತ್ತಿಗೆ ಏನು ಮಾಡಿ ತರಲಿ ಎಂಬುದೇ ಈಗ ನನ್ನ ಚಿಂತೆ. ಮೊಳಕೆ ರಾಗಿಯ ಗಂಜಿ ಮಾಡಿದೆ. ಬಾದಾಮಿ ಅರೆದು ಹಾಲು ಕಾಯಿಸಿದೆ. ಒಂದು ದಿನ ಎಳನೀರು ತಂದೆ. ಎಲ್ಲವನ್ನೂ ಒಂದು ಸಣ್ಣ ಲೋಟಕ್ಕೆ ಬಗ್ಗಿಸಿ, ಎದುರಿಗೆ ಕುಡಿಯುವವರಿಲ್ಲದೆ ನಾನೇ ಕುಡಿದೆ. ಭಾನುವಾರ ಎಲ್ಲಿಗೂ ಹೋಗದೆ ಬಟ್ಟೆ ಒಗೆದು ಇಡೀ ದಿನ ಮನೆಯಲ್ಲೇ ಇದ್ದೆ. ಅವಳಿಗೆ ಈಗ ಯಾವುದು ಇಷ್ಟ ಎಂದು ಹೇಳಿಕಳಿಸಿ. ಅವಳು ನನ್ನ ಕೈಯಿಂದ ಕುಡಿಯದಿದ್ದರೆ ಜಗುಲಿಯ ಮೇಲೆ ನ್ಯಾಯ ಸೇರುವ ಅಗತ್ಯವೂ ಇರುವುದಿಲ್ಲ.

ನಿಮ್ಮ,
ರೂಪಶ್ರೀ

ಮರೆತದ್ದು: ಬ್ಯಾಗಿನ ತಳದಲ್ಲಿ ನನ್ನದೊಂದು ಹಳೇ ಸೀರೆ ಇದೆ. ತಾಯಿಯ ಬಟ್ಟೆ ಕಳಿಸಬಾರದು ಅಂದಿದ್ದಿರಿ. ಚೆನ್ನಾಗಿ ಒಗೆದಿದ್ದೇನೆ, ಹಾಲಿನ ವಾಸನೆ ಇಲ್ಲ.

•

ಚುಂಚನಕಟ್ಟೆ
17-11-2024, ಭಾನುವಾರ

ರೂಪಶ್ರೀಗೆ ನಿನ್ನ ಅತ್ತೆ ಪುಟ್ಟತಾಯಮ್ಮ ಮಾಡುವ ಆಶೀರ್ವಾದ.

ಕಾಗದ ಮುಟ್ಟಿತು. ಎರಡು ದಿನ ಹಿಡಿಯಿತು ಓದಲು. ಭಾಗ್ಯಮ್ಮ ಸಂಜೆ ಬಸ್ಸಿಗೆ ಹೊರಡುತ್ತಾಳೆ, ಅದಕ್ಕೆ ಬೇಗ ಬೇಗ ಬರೆಯುತ್ತಿದ್ದೇನೆ. ಅಕ್ಷರ ವಕ್ರವಾಗಿದ್ದರೆ ನೀನೇ ನೆಟ್ಟಗೆ ಮಾಡಿಕೊಂಡು ಓದು.

ಮೊದಲ ದಿನಗಳಲ್ಲಿ ತುಂಬ ಅತ್ತಳು. ಅದನ್ನು ಬರೆದು ನಿನಗೆ ಹೊಟ್ಟೆ ಉರಿಸುವುದಿಲ್ಲ. ಈಗ ನೀನು ಹೇಳಿದ ಹಾಗೇ ನಡೆಯುತ್ತಿದೆ. ಮುದ್ದೆಯನ್ನು ಸಾರಿನಲ್ಲಿ ಮುಳುಗಿಸಿ ನುಂಗುತ್ತಾಳೆ. ಟೀ ಬೇಡ ಅಂದಿದ್ದಕ್ಕೆ ನಿನ್ನ ಮಾವ ಮುನಿಸಿಕೊಂಡು, ‘ನಮ್ಮವ್ವ ನಂಗೆ ಟೀ ಕುಡ್ಸೇ ಸಾಕಿದ್ದು, ನಾನೇನ್ ಸತ್ತೋದ್ನಾ’ ಎಂದು ಹಟ್ಟಿ ಕಡೆ ಹೋಗಿ ಕೂತರು. ಆಮೇಲೆ ಅವರೇ ಒಂದು ದಾರಿ ಹುಡುಕಿದರು. ಅವರ ಸಾಸರಿನಲ್ಲಿ ಟೀ, ಅವಳ ಸಾಸರಿನಲ್ಲಿ ಹಾಲು. ಇಬ್ಬರೂ ಎದುರುಬದುರು ಕೂತು ಊದಿ ಊದಿ ಕುಡಿಯುತ್ತಾರೆ. ಬಾಟಲಿಯನ್ನು ನಿನ್ನ ಗಂಡ ಯತೀಶನೇ ತಂದಿದ್ದ. ನಾನು ಕೊಟ್ಟಿರಲಿಲ್ಲ.

ಸೀರೆ ಬಂದ ದಿನವೇ ಸಿಕ್ಕಿತು. ವಾಸನೆ ಇಲ್ಲ ಎಂದು ನಿನಗೆ ಅನ್ನಿಸಬಹುದು. ಅವಳಿಗೆ ಇದೆ. ಅದರ ಚುಂಗು ಹಿಡಿಯದೆ ಮಲಗುವುದಿಲ್ಲ, ನಾನೂ ಕಿತ್ತುಕೊಂಡಿಲ್ಲ.

ಭಾನುವಾರ ಮನೆಯಲ್ಲೇ ಇದ್ದೆ ಎಂದು ಬರೆದಿದ್ದೀಯ. ಹಾಗಾದರೆ ನಮ್ಮ ನಾಲೆಯ ಮೋರಿ ಮೇಲೆ ಅಷ್ಟು ಹೊತ್ತು ನಿಂತಿದ್ದ ಹಸಿರು ಕೊಡೆ ಯಾರದ್ದು. ಕೆ.ಆರ್. ನಗರದಲ್ಲಿ ನಾನೇ ತೆಗೆದುಕೊಟ್ಟ ಕೊಡೆ, ಹಿಡಿ ಮುರಿದಾಗ ಬಿಳಿ ದಾರ ಸುತ್ತಿಕೊಟ್ಟವಳೂ ನಾನೇ. ಬಿಸಿಲೂ ಇಲ್ಲ, ಮಳೆಯೂ ಇಲ್ಲ, ಮುಖ ಮುಚ್ಚುವ ಹಾಗೆ ಹಿಡಿದಿದ್ದೆ. ಮಗು ಅಜ್ಜನ ಜೊತೆ ಕಣದಲ್ಲಿ ನಗುತ್ತಿತ್ತು. ನೀನು ಸೆರಗನ್ನು ಎದೆಗೆ ಒತ್ತಿ ಹಿಡಿದುಕೊಂಡು ತಿರುಗಿ ಬಸ್‌ಸ್ಟ್ಯಾಂಡಿನ ಕಡೆ ಹೋಗಿದ್ದನ್ನು ಕಂಡೆ. ಮಗುವಿನ ದನಿ ಕೇಳಿ ಹಾಲು ಇಳಿದಿದೆ ಎಂದು ಗೊತ್ತಾಗದಿರಲು ನಾನೇನು ಹೆರದವಳೇ. ಕೂಗಬೇಕು ಅನ್ನಿಸಿತು. ಕೂಗಿದ್ದರೆ ಅವಳು ಓಡಿ ಬರುತ್ತಿದ್ದಳು, ಎಲ್ಲ ಮೊದಲಿಂದ ಆಗುತ್ತಿತ್ತು. ಒಳಗೆ ಹೋಗಿ ಕಣ್ಣೊರೆಸಿಕೊಂಡೆ.

ಹುಣ್ಣಿಮೆ ಕಳೆಯಿತು. ಬುಧವಾರ ಬಾ. ಗಂಜಿ, ಬಾದಾಮಿ ಏನೂ ಹೊತ್ತು ತರಬೇಡ. ನೀರಿಗೆ ಅವಳು ಈಗ ಮನೆಯಲ್ಲಿ ಸಿಕ್ಕಿದ ಯಾವ ಲೋಟವನ್ನೂ ಮುಟ್ಟುವುದಿಲ್ಲ, ಬ್ಯಾಗಿನಲ್ಲಿ ನೀನು ಇಟ್ಟಿದ್ದ ಸೊಟ್ಟ ಬಾಯಿಯ ಸ್ಟೀಲ್ ಲೋಟವೇ ಆಗಬೇಕು. ತೊಳೆದು ಇಟ್ಟಿರುತ್ತೇನೆ. ಬಂದವಳು ಕೈಕಾಲು ತೊಳೆದು ಬಿಂದಿಗೆಯಿಂದ ನೀನೇ ನೀರು ಬಗ್ಗಿಸಿ ಕೊಡು. ಉಂಡುಕೊಂಡು, ಮಗುವನ್ನು ಕರೆದುಕೊಂಡು ಸಂಜೆ ಬಸ್ಸಿಗೆ ಹೊರಡುವೆಯಂತೆ.

ಇಂತಿ,
ಪುಟ್ಟತಾಯಮ್ಮ

ಇನ್ನೊಂದು ಮಾತು: ನಿನ್ನೆ ಚಿಕ್ಕಬೀರಯ್ಯಣ್ಣ ಬಂದು, ‘ಏನವ್ವ, ಕೂಸು ಆಲು ಬುಡ್ತಾ’ ಎಂದು ಕೇಳಿದರು. ಅವರ ಕಾಲ ಬುಡದಲ್ಲೇ ಕೂತು ಇವಳು ಸಾಸರು ನೆಕ್ಕುತ್ತಿದ್ದಳು. ‘ಎಲ್ಲಿ ಬುಟ್ಟದಣ್ಣ, ರಾತ್ರಿಯೆಲ್ಲ ಅವ್ವನ್ನೇ ಕೇಳ್ತದೆ, ನನ್ ಕೈಲಾಗಕಿಲ್ಲ ಕಣಣ್ಣ, ವಾಪಸ್ ಕಳಿಸ್ತೀನಿ’ ಅಂದೆ. ಯತೀಶ ಬಾಗಿಲಲ್ಲಿ ನಿಂತಿದ್ದ. ನನ್ನ ಮುಖ ನೋಡಿದ, ಮಗುವಿನ ಮೂತಿಯ ಮೇಲಿದ್ದ ಹಾಲು ನೋಡಿದ, ಏನೂ ಅನ್ನಲಿಲ್ಲ. ಅವನ ಮಾತಾಡದ ಬುದ್ಧಿ ಒಂದು ದಿನವಾದರೂ ಉಪಯೋಗಕ್ಕೆ ಬಂತು. ನಿನ್ನನ್ನು ಯಾರಾದರೂ ಕೇಳಿದರೆ ನೀನೂ ಹಾಗೇ ಹೇಳು.